ನನ್ನ ಮೈ, ಸರಕಾರದ ಸೂಜಿ

ಮನೆ, ಹೊಲ, ದುಡ್ಡು ಎಲ್ಲ ಕಳೆದುಕೊಂಡವನಿಗೂ ತನ್ನದು ಎಂದು ಹೇಳಿಕೊಳ್ಳಲು ಮೈಯೊಂದು ಉಳಿದಿರುತ್ತದೆ. ಅದಕ್ಕೆ ಯಾರು ಏನು ಮಾಡಬಹುದೆಂದು ತೀರ್ಮಾನಿಸುವವನು ಅವನೇ ಆಗಿರಬೇಕು ಎಂದರೆ ಬಹುಶಃ ಯಾರೂ ತಕರಾರು ತೆಗೆಯಲಾರರು. ಆದರೆ ಊರಿಗೆ ಬೇನೆ ಬಂದ ದಿನ ಈ ಮಾತು ಅಷ್ಟು ಸರಳವಾಗಿ ಉಳಿಯುವುದಿಲ್ಲ. ನನ್ನ ಮೈಯೊಳಗಿನ ರೋಗ ನನ್ನ ಹೊಸ್ತಿಲು ದಾಟಿ ಪಕ್ಕದ ಮನೆಯ ಕೂಸನ್ನು ಮುಟ್ಟುತ್ತದೆ. ಆಗ ಸರಕಾರ ಬಂದು ಬಾಗಿಲು ಬಡಿಯುತ್ತದೆ. ತೆರೆಯಲೇಬೇಕೆ? ತೆರೆಯದಿದ್ದರೆ ಒಡೆದು ಒಳಗೆ ಬರುವ ಹಕ್ಕು ಅದಕ್ಕಿದೆಯೆ?

ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಪ್ರಕಟಿಸಿದ ‘ಆನ್ ಲಿಬರ್ಟಿ’ಯಲ್ಲಿ ಇದಕ್ಕೊಂದು ಉತ್ತರವಿದೆ. ಒಬ್ಬನ ಮೇಲೆ ಅವನ ಇಚ್ಛೆಗೆ ವಿರುದ್ಧವಾಗಿ ಬಲ ಪ್ರಯೋಗಿಸುವುದು ಬೇರೆಯವರಿಗೆ ಆಗುವ ಕೇಡನ್ನು ತಡೆಯುವುದಕ್ಕಾದರೆ ಮಾತ್ರ ಸರಿ. ಅವನ ಒಳ್ಳೆಯದಕ್ಕೇ ಮಾಡಿದೆವು ಎನ್ನುವುದು ಸಾಲದು. ತರ್ಕಕ್ಕೆ ಇದು ಚೊಕ್ಕವಾಗಿದೆ. ಆದರೆ ಕೇಡು ಇದೆ ಎಂದು ನಿರ್ಧರಿಸುವವರು ಯಾರು, ಅದನ್ನು ತಡೆಯಲು ಬರುವವರು ಯಾವ ರೀತಿಯಲ್ಲಿ ಬರುತ್ತಾರೆ ಎಂಬುದು ಸೂತ್ರದಿಂದ ತಿಳಿಯುವುದಿಲ್ಲ. ಅದಕ್ಕೆ ಚರಿತ್ರೆಯನ್ನೇ ಕೇಳಬೇಕು.

1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಬ್ರಿಟಿಷ್ ಸರಕಾರ ಮರುವರ್ಷ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ತಂದಿತು. ಅದು ಬಹಳ ಚಿಕ್ಕ ಕಾಯ್ದೆ, ಆಗ ಇದ್ದದ್ದು ನಾಲ್ಕೇ ಕಲಮು. ಸರಕಾರ ತನಗೆ ಅಗತ್ಯವೆನಿಸಿದ ಕ್ರಮ ಕೈಗೊಳ್ಳಬಹುದು, ಮೀರಿದವರಿಗೆ ಶಿಕ್ಷೆಯಾಗುತ್ತದೆ, ಸದುದ್ದೇಶದಿಂದ ಕೆಲಸ ಮಾಡಿದವರ ಮೇಲೆ ದಾವೆ ಹೂಡುವಂತಿಲ್ಲ. ಸಾರಾಂಶ ಇಷ್ಟೇ. ರೋಗಿಗೆ ಏನು ಸಿಗಬೇಕು, ಯಾರು ಅವನನ್ನು ನೋಡಿಕೊಳ್ಳಬೇಕು ಎಂಬುದಕ್ಕೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಎಂದರೆ ಆ ಕಾಯ್ದೆಯ ಕಣ್ಣಿಗೆ ರೋಗ ಕಂಡಿತು, ರೋಗಿ ಕಾಣಲಿಲ್ಲ.

ಪುಣೆಯಲ್ಲಿ ಇದರ ಫಲ ಏನಾಯಿತೆಂಬುದು ಎಲ್ಲರಿಗೂ ಗೊತ್ತು. ಪ್ಲೇಗು ಅಧಿಕಾರಿ ರ್‍ಯಾಂಡನ ಕೈಕೆಳಗೆ ಸೈನಿಕರು ಮನೆಮನೆ ಹೊಕ್ಕರು. ದೇವರ ಮನೆಯೆನ್ನದೆ, ಅಡಿಗೆ ಮನೆಯೆನ್ನದೆ ಹುಡುಕಿದರು. ಹೆಂಗಸರನ್ನು ಪರಪುರುಷರು ಪರೀಕ್ಷಿಸುತ್ತಾರೆಂಬ ಭಯ ಊರಿಗೆಲ್ಲ ಹರಡಿತು. 1897ರ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ರ್‍ಯಾಂಡನಿಗೆ ಗುಂಡು ಹಾರಿಸಿದರು. ಆ ಕೊಲೆಯನ್ನು ಸಮರ್ಥಿಸುವುದು ನನ್ನ ಉದ್ದೇಶವಲ್ಲ. ರೋಗ ತಡೆಯಲು ಬಂದ ಸರಕಾರವನ್ನು ಜನ ರೋಗಕ್ಕಿಂತ ಹೆಚ್ಚು ಹೆದರಿ ನೋಡಿದರು ಎಂಬುದಷ್ಟೇ ಇಲ್ಲಿ ಮುಖ್ಯ.

ಅದೇ ಪುಣೆಯಲ್ಲಿ ಇದಕ್ಕೆ ಮೂರು ತಿಂಗಳ ಹಿಂದೆ, ಮಾರ್ಚ್ 10ರಂದು, ಸಾವಿತ್ರಿಬಾಯಿ ಫುಲೆ ತೀರಿಕೊಂಡಿದ್ದರು. ದತ್ತುಮಗ ಡಾಕ್ಟರ್ ಯಶವಂತ ಊರ ಹೊರಗೆ ಪ್ಲೇಗಿನವರಿಗಾಗಿ ತೆರೆದಿದ್ದ ಆಸ್ಪತ್ರೆಗೆ ಅವರು ರೋಗಿಗಳನ್ನು ಕರೆತರುತ್ತಿದ್ದರು. ಬೇನೆ ಬಿದ್ದ ಒಬ್ಬ ಹುಡುಗನನ್ನು ಬೆನ್ನ ಮೇಲೆ ಹೊತ್ತು ತಂದು, ಅದೇ ಬೇನೆ ತಗಲಿ ಸತ್ತರು. ಈಗ ಯೋಚಿಸಿ: ರ್‍ಯಾಂಡನ ಸೈನಿಕರು ಮಾಡಲು ಹೊರಟದ್ದೂ, ಸಾವಿತ್ರಿಬಾಯಿ ಮಾಡಿದ್ದೂ ಮೇಲುನೋಟಕ್ಕೆ ಒಂದೇ ಕೆಲಸ. ರೋಗಿಯನ್ನು ಮನೆಯಿಂದ ತೆಗೆದು ಊರ ಹೊರಗೆ ಒಯ್ಯುವುದು. ವೈದ್ಯಶಾಸ್ತ್ರದ ಲೆಕ್ಕದಲ್ಲಿ ಎರಡಕ್ಕೂ ಅಂತರ ಕಡಿಮೆ. ರೋಗಿಯ ಲೆಕ್ಕದಲ್ಲಿ ಆಕಾಶಕ್ಕೂ ಭೂಮಿಗೂ ಇರುವಷ್ಟು.

ಹಾಗೆಂದು ಊರೂರಿಗೆ ಸಾವಿತ್ರಿಬಾಯಿಯರನ್ನು ಎಲ್ಲಿಂದ ತರುವುದು? ಲಕ್ಷಗಟ್ಟಲೆ ಜನ ಸಾಯುತ್ತಿರುವಾಗ ಸರಕಾರ ಪ್ರತಿಯೊಬ್ಬರ ಮನ ಒಲಿಸುತ್ತ ಕೂಡಲು ಸಾಧ್ಯವೆ? ಈ ಪ್ರಶ್ನೆ ನ್ಯಾಯವಾದದ್ದು. ಆದರೆ ಜನ ತಾವಾಗಿ ಏನನ್ನೂ ಒಪ್ಪುವುದಿಲ್ಲ ಎಂಬ ನಂಬಿಕೆ ಅದರ ಹಿಂದಿದೆಯಲ್ಲ, ಅದು ಸರಿಯಲ್ಲ. ಪ್ಲೇಗು ಬಂದಾಗ ಮನೆಮಾರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇದ್ದ ಕಥೆಯನ್ನು ನಮ್ಮ ಹಳ್ಳಿಗಳ ಹಿರಿಯರು ಹೇಳುತ್ತಿದ್ದರು. ಊರು ಬಿಡುವುದೆಂದರೆ ಸಣ್ಣ ತ್ಯಾಗವಲ್ಲ. ಕಣಜ, ದನ, ದೇವರು ಎಲ್ಲವನ್ನೂ ಬಿಟ್ಟು ಹೊರಡಬೇಕು. ಕಾರಣ ತಿಳಿದಾಗ ಜನ ಅದನ್ನೂ ಮಾಡಿದರು. ಹಾಫ್‌ಕಿನ್ ಕಂಡುಹಿಡಿದ ಪ್ಲೇಗಿನ ಲಸಿಕೆಯನ್ನು 1898ರಲ್ಲಿ ಹುಬ್ಬಳ್ಳಿ, ಧಾರವಾಡಗಳಲ್ಲಿ ಸಾವಿರಾರು ಜನ ಹಾಕಿಸಿಕೊಂಡರು. ಆ ಲಸಿಕೆಯನ್ನು ಹಾಫ್‌ಕಿನ್ ಎಲ್ಲರಿಗಿಂತ ಮೊದಲು ತನ್ನ ಮೈಗೇ ಚುಚ್ಚಿಕೊಂಡು ನೋಡಿದ್ದ ಎಂಬುದನ್ನೂ ಇಲ್ಲಿ ನೆನೆಯಬೇಕು.

ಇನ್ನೊಂದು ಜೋಡಿ ಉದಾಹರಣೆ ನೋಡೋಣ. ಮೈಸೂರು ಸಂಸ್ಥಾನ 1930ರಲ್ಲಿಯೇ ಸರಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಿತು. ಜಗತ್ತಿನ ಬಹಳಷ್ಟು ಸರಕಾರಗಳು ಆ ವಿಷಯವನ್ನು ಎತ್ತಲೂ ನಾಚುತ್ತಿದ್ದ ಕಾಲ ಅದು. ಸರಕಾರ ಬಾಗಿಲು ತೆರೆದು ಕೂತಿತು; ಒಳಗೆ ಬರುವುದು ಬಿಡುವುದು ಹೆಂಗಸರಿಗೆ ಬಿಟ್ಟದ್ದು. ನಲವತ್ತಾರು ವರ್ಷಗಳ ಮೇಲೆ, ತುರ್ತುಪರಿಸ್ಥಿತಿಯಲ್ಲಿ, ಅದೇ ಕೆಲಸಕ್ಕೆ ಸ್ವತಂತ್ರ ಭಾರತದ ಸರಕಾರ ಗುರಿ ನಿಗದಿ ಮಾಡಿ ಹೊರಟಿತು. 1976–77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಉತ್ತರದ ರಾಜ್ಯಗಳಲ್ಲಿ ಶಾಲೆಯ ಮೇಷ್ಟ್ರುಗಳಿಗೂ ಗುರಿ ಕೊಟ್ಟು, ಮುಟ್ಟದವರ ಸಂಬಳ ತಡೆಹಿಡಿದರು. ಬಡವನ ಮೈ ಗುಮಾಸ್ತನ ರಿಜಿಸ್ಟರಿನಲ್ಲಿ ಒಂದು ಸಂಖ್ಯೆಯಾಯಿತು.

ಇದರ ಸಾಲವನ್ನು ತೀರಿಸಿದವರು ಯಾರು? 1977ರ ಚುನಾವಣೆಯಲ್ಲಿ ಆಳುವ ಪಕ್ಷ ಸೋತಿತು, ‘ಕುಟುಂಬ ಯೋಜನೆ’ ‘ಕುಟುಂಬ ಕಲ್ಯಾಣ’ವಾಯಿತು. ಆದರೆ ಅಂದಿನಿಂದ ಗಂಡಸರು ಆ ಶಸ್ತ್ರಚಿಕಿತ್ಸೆಯಿಂದ ಹಿಂದೆ ಸರಿದರು, ಅದರ ಭಾರವೆಲ್ಲ ಹೆಂಗಸರ ಮೇಲೆ ಬಿತ್ತು. ಗಂಡಸಿಗಾದರೆ ಸಣ್ಣ ಗಾಯ, ಹೆಂಗಸಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ. ಬಲಾತ್ಕಾರ ನಡೆದದ್ದು ಎರಡು ವರ್ಷಕ್ಕೂ ಕಡಿಮೆ. ಅದರ ದಂಡವನ್ನು ಬಲಾತ್ಕಾರದಲ್ಲಿ ಯಾವ ಪಾತ್ರವೂ ಇಲ್ಲದ ಕೋಟ್ಯಂತರ ಹೆಂಗಸರು ಇಂದಿಗೂ ತೆರುತ್ತಿದ್ದಾರೆ.

ಇಷ್ಟು ಹೇಳಿ ನಿಲ್ಲಿಸಿದ್ದರೆ ನನಗೂ ಸುಲಭವಾಗುತ್ತಿತ್ತು. ಆದರೆ ಸಿಡುಬಿನ ಕಥೆ ಹಾಗೆ ನಿಲ್ಲಿಸಲು ಬಿಡುವುದಿಲ್ಲ. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರ ಮೇ ತಿಂಗಳಲ್ಲಿ. ಅದರ ಹಿಂದಿನ ಕೊನೆಯ ಹಂತದಲ್ಲಿ ಕೆಲವೆಡೆ ಬಾಗಿಲು ಮುರಿದು, ಬೇಡವೆಂದವರನ್ನು ಹಿಡಿದು ಲಸಿಕೆ ಹಾಕಿದ್ದುಂಟು. ಆ ಕೆಲಸ ಮಾಡಿದವರೇ ಬರೆದಿದ್ದಾರೆ. ನನ್ನ ತೋಳಿನ ಮೇಲೆ ಲಸಿಕೆಯ ಕಲೆಯಿದೆ, ನನಗಿಂತ ಚಿಕ್ಕವರಿಗೆ ಅದು ಇಲ್ಲ, ಇರುವ ಅಗತ್ಯವೂ ಇಲ್ಲ. ಅವರ ನಯವಾದ ತೋಳುಗಳಿಗಾಗಿ ಯಾವುದೋ ಹಳ್ಳಿಯ ಯಾರದೋ ತೋಳನ್ನು ಬಲವಾಗಿ ಹಿಡಿಯಲಾಗಿತ್ತು. ಒತ್ತಾಯವಿಲ್ಲದೆಯೂ ಸಿಡುಬು ಹೋಗುತ್ತಿತ್ತು ಎಂದು ವಾದಿಸುವವರಿದ್ದಾರೆ. ಇರಬಹುದು. ಆದರೆ ಲಾಭ ಪಡೆದ ನಾನು ಆ ವಾದವನ್ನು ಆರಾಮವಾಗಿ ಮಂಡಿಸಲಾರೆ. ಎಂದೂ ಒತ್ತಾಯ ಸಲ್ಲದು ಎನ್ನುವ ಧೈರ್ಯವೂ ನನಗಿಲ್ಲ.

ಇನ್ನು ಇನ್ನೊಂದು ಬಗೆಯ ಸ್ವಾತಂತ್ರ್ಯವಿದೆ. 1992ರ ಜುಲೈನಲ್ಲಿ ಪಶ್ಚಿಮ ಬಂಗಾಳದ ಒಬ್ಬ ಕೃಷಿಕೂಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ. ಅವನನ್ನು ಹೊತ್ತು ಒಂದರ ಮೇಲೊಂದು ಸರಕಾರಿ ಆಸ್ಪತ್ರೆಗೆ ಅಲೆದರು. ಒಂದು ಕಡೆ ಹಾಸಿಗೆ ಇಲ್ಲ, ಇನ್ನೊಂದು ಕಡೆ ಸೌಲಭ್ಯ ಇಲ್ಲ. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಸುಮಾರು 17,000 ರೂಪಾಯಿ ತೆತ್ತು ಬದುಕಿದ. ಸುಪ್ರೀಂ ಕೋರ್ಟು 1996ರಲ್ಲಿ ಅವನಿಗೆ ಪರಿಹಾರ ಕೊಡಿಸಿ, ತುರ್ತು ಚಿಕಿತ್ಸೆ ಕೊಡದಿರುವುದು ಬದುಕುವ ಹಕ್ಕಿನ ಉಲ್ಲಂಘನೆ ಎಂದಿತು. ಆ ದಿನ ಯಾವ ಸರಕಾರವೂ ಅವನ ಮೈಯನ್ನು ಬಲವಂತವಾಗಿ ಮುಟ್ಟಲಿಲ್ಲ. ಆದ್ದರಿಂದ ಅವನು ಸ್ವತಂತ್ರನಾಗಿದ್ದ ಎನ್ನೋಣವೆ? ಸರಕಾರ ವೈದ್ಯಕೀಯದಿಂದ ದೂರ ಇರಲಿ, ಅವರವರ ಆರೋಗ್ಯ ಅವರವರೇ ನೋಡಿಕೊಳ್ಳಲಿ ಎನ್ನುವವರು ಇದಕ್ಕೆ ಉತ್ತರ ಹೇಳಬೇಕು. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಸ್ವಂತ ಕಿಸೆಯಿಂದ ತೆರುತ್ತಿದ್ದ ಪಾಲು 2013–14ರಲ್ಲಿ ನೂರಕ್ಕೆ 64ರಷ್ಟಿತ್ತು. 2021–22ರ ಹೊತ್ತಿಗೆ 39ಕ್ಕೆ ಇಳಿಯಿತೆಂದು ಸರಕಾರದ ಲೆಕ್ಕ ಹೇಳುತ್ತದೆ. ಇಳಿದದ್ದು ಒಳ್ಳೆಯದೇ. ಆದರೂ ಆ 39ರಲ್ಲಿ ಎಷ್ಟು ಎತ್ತುಗಳು, ಎಷ್ಟು ತಾಳಿಗಳು ಮಾರಿಹೋದವು ಎಂಬ ಲೆಕ್ಕ ಅದರಲ್ಲಿಲ್ಲ.

ಎರಡೂ ಉದಾಹರಣೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಾಣುವುದು ಇಷ್ಟು. ಸರಕಾರ ಬೇಕೆ, ಸ್ವಾತಂತ್ರ್ಯ ಬೇಕೆ ಎಂದು ಕೇಳುವುದೇ ತಪ್ಪು ದಾರಿ. ಬೇನೆ ಬಿದ್ದಾಗ ಬಾರದ ಸರಕಾರ ಸಾಂಕ್ರಾಮಿಕ ಬಂದಾಗ ಮಾತ್ರ ಬಾಗಿಲು ಬಡಿದರೆ, ಜನ ಅದನ್ನು ಹೇಗೆ ನಂಬಬೇಕು? ಹೆರಿಗೆಗೆ ದಾದಿ ಇಲ್ಲ, ಹಾವು ಕಚ್ಚಿದರೆ ಔಷಧಿ ಇಲ್ಲ, ಸೂಜಿಗೆ ಮಾತ್ರ ಜೀಪು ಬರುತ್ತದೆ ಎಂದಾದರೆ, ಬೇಡವೆನ್ನುವವನಲ್ಲಿ ಇರುವುದು ಬರೀ ಅಜ್ಞಾನವಲ್ಲ, ಅನುಭವವೂ ಹೌದು. ಪ್ರತಿದಿನದ ಆರೈಕೆಯಿಂದ ಗಳಿಸಿದ ವಿಶ್ವಾಸವೇ ಸರಕಾರದ ಬಂಡವಾಳ. ಅದಿಲ್ಲದಾಗ ಅದು ಬಲವನ್ನು ಕಡ ತಂದು ಖರ್ಚು ಮಾಡುತ್ತದೆ.

ಕೊರೋನಾ ಕಾಲದ ಲಸಿಕೆಯ ಬಗೆಗೆ ಸುಪ್ರೀಂ ಕೋರ್ಟು 2022ರ ಮೇ 2ರಂದು ಕೊಟ್ಟ ತೀರ್ಪಿನಲ್ಲಿ ಯಾರನ್ನೂ ಬಲವಂತವಾಗಿ ಲಸಿಕೆಗೆ ಒಳಪಡಿಸುವಂತಿಲ್ಲ ಎಂದಿದೆ. ಸಮುದಾಯದ ಹಿತಕ್ಕಾಗಿ, ಅಗತ್ಯಕ್ಕೆ ತಕ್ಕ ನಿರ್ಬಂಧ ಹಾಕಬಹುದೆಂದೂ ಹೇಳಿದೆ. ತಕ್ಕಷ್ಟು ಎಂದರೆ ಎಷ್ಟು ಎಂಬುದನ್ನು ಪ್ರತಿ ಸಲವೂ ಹೊಸದಾಗಿ ತೂಗಬೇಕು. ಆ ತಕ್ಕಡಿಯಲ್ಲಿ ನಾನು ಎರಡು ಬಟ್ಟು ಇಡಬಯಸುತ್ತೇನೆ. ಒಂದು, ಒತ್ತಾಯ ಮಾಡುವವನು ಉತ್ತರ ಕೊಡಲು ಬದ್ಧನಾಗಿರಬೇಕು. ದಾವೆ ಹೂಡುವಂತಿಲ್ಲ ಎಂಬ ಕಲಮಿನ ಹಿಂದೆ ಅಡಗಬಾರದು. ಎರಡು, ಯಾರ ಮೈಯಿಂದ ಊರಿನ ಹಿತಕ್ಕೆ ಏನನ್ನಾದರೂ ಕೇಳುತ್ತೇವೋ, ಅವರ ಮೈಗೆ ಕೇಡಾದರೆ ಊರೇ ಅದನ್ನು ಹೊರಬೇಕು. ಲಸಿಕೆಯಿಂದ ಸಾವಿರದಲ್ಲೊಬ್ಬರಿಗಿರಲಿ, ಲಕ್ಷದಲ್ಲೊಬ್ಬರಿಗೆ ತೊಂದರೆಯಾದರೂ ಆ ಒಬ್ಬರ ಮನೆಗೆ ಲೆಕ್ಕ ಲಕ್ಷದ್ದಲ್ಲ, ಒಂದರದ್ದೇ.

ಈ ಎರಡನ್ನೂ ಮಾಡಿದ ಮೇಲೂ ಬೇಡವೆನ್ನುವ ಒಬ್ಬ ಉಳಿಯುತ್ತಾನೆ. ಅವನನ್ನು ಏನು ಮಾಡಬೇಕೆಂಬುದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಆದರೆ ಅವನೊಬ್ಬನೇ ಉಳಿದಾಗ ಕೇಳುವ ಪ್ರಶ್ನೆಯೇ ಬೇರೆ, ಅವನ ಹಿಂದೆ ಊರಿಗೆ ಊರೇ ಬಾಗಿಲು ಹಾಕಿಕೊಂಡಿರುವಾಗ ಕೇಳುವ ಪ್ರಶ್ನೆಯೇ ಬೇರೆ.