ಕರುಣೆಯೂ ಪೂರ್ವಗ್ರಹವೂ

ಪರಸಂಸ್ಕೃತಿಯ ಬಗೆಗಿನ ಪೂರ್ವಗ್ರಹಗಳೆಲ್ಲ ದ್ವೇಷದಿಂದಲೇ ಹುಟ್ಟುತ್ತವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಕರುಣೆಯಿಂದ ಹುಟ್ಟುವ ಪೂರ್ವಗ್ರಹಗಳೂ ಉಂಟು. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರು ಇವುಗಳ ವಿಷಯದಲ್ಲಿ ಹೆಚ್ಚು ಎಚ್ಚರದಿಂದಿರಬೇಕು. ಏಕೆಂದರೆ ಇಲ್ಲಿ ತಪ್ಪುವವನಿಗೆ ತಾನು ಪುಣ್ಯಕಾರ್ಯದಲ್ಲಿಯೇ ತೊಡಗಿರುವೆನೆಂಬ ಸಮಾಧಾನವಿರುತ್ತದೆ.

ಉತ್ತರ ಧ್ರುವಕ್ಕೆ ಸಮೀಪವಾದ ಕೆನಡಾ, ಗ್ರೀನ್‌ಲ್ಯಾಂಡುಗಳ ಹಿಮತೀರದಲ್ಲಿ ಇನ್ಯುಯಿಟ್ ಜನರು ವಾಸಿಸುತ್ತಾರೆ. ಹೊರಗಿನವರು ಬಹುಕಾಲ ಅವರನ್ನು ಎಸ್ಕಿಮೋ ಎಂದು ಕರೆದರು. ಆ ನೆಲದಲ್ಲಿ ಬೇಸಾಯವಿಲ್ಲ. ಸೀಲ್ ಎಂಬ ಕಡಲಪ್ರಾಣಿಯಿಂದ ಅವರಿಗೆ ಆಹಾರ, ಉಡುಪು. ಹಿಂದೆ ದೀಪದ ಎಣ್ಣೆಯೂ ಅದರದೇ. ಅವರಿಂದ ದೂರದ ನ್ಯೂಫೌಂಡ್‌ಲ್ಯಾಂಡಿನ ಬಳಿ ವ್ಯಾಪಾರಿಗಳು ಬಿಳಿ ತುಪ್ಪಳದ ಸೀಲ್ ಮರಿಗಳನ್ನು ಬಡಿದು ಕೊಲ್ಲುವ ಚಿತ್ರಗಳು 1960ರ ದಶಕದಿಂದ ಯುರೋಪಿನಲ್ಲಿ ಹರಡಿ, ಜನರ ಮನ ಕರಗಿತು. 1983ರಲ್ಲಿ ಯುರೋಪಿಯನ್ ಆರ್ಥಿಕ ಸಮುದಾಯವು ಆ ಮರಿಗಳ ಚರ್ಮದ ಆಮದನ್ನು ನಿಷೇಧಿಸಿತು. ಇನ್ಯುಯಿಟರು ಬೇಟೆಯಾಡುತ್ತಿದ್ದುದು ಮುಖ್ಯವಾಗಿ ಬೇರೊಂದು ಜಾತಿಯ ಸೀಲುಗಳನ್ನು. ಕಾನೂನಿನಲ್ಲಿ ಅವರಿಗೆ ವಿನಾಯಿತಿಯೂ ಇತ್ತು. ಆದರೆ ಕೊಳ್ಳುವವರ ಕಣ್ಣಿಗೆ ಸೀಲ್ ಚರ್ಮವೆಲ್ಲ ಒಂದೇ. ಬೆಲೆ ಕುಸಿಯಿತು.

ವಿನಾಯಿತಿಯಲ್ಲಿಯೂ ಒಂದು ತೊಡಕಿತ್ತು. ಅದು ‘ಸಾಂಪ್ರದಾಯಿಕ’ ಬೇಟೆಗೆ ಮಾತ್ರ. ಆ ಮಾತು ಕೇಳಿದೊಡನೆ ಹೊರಗಿನವರ ಮನಸ್ಸಿನಲ್ಲಿ ಮೂಡುವುದು ಈಟಿ, ನಾಯಿಗಳೆಳೆಯುವ ಬಂಡಿ, ಹಿಮದ ಗುಡಿಸಲು. ಇನ್ಯುಯಿಟ್ ಬೇಟೆಗಾರನಾದರೋ ಅಷ್ಟರಲ್ಲಿ ಬಂದೂಕು ಹಿಡಿದಿದ್ದನು, ಹಿಮದ ಮೇಲೋಡುವ ಮೋಟಾರು ವಾಹನವನ್ನೇರಿದ್ದನು. ಮಾಂಸ ಮನೆಗೆ ಮತ್ತು ಬಂಧುಗಳಿಗೆ. ಚರ್ಮ ಮಾರಿದ ಹಣ ಪೆಟ್ರೋಲಿಗೆ, ಗುಂಡುಗಳಿಗೆ. ಆ ಹಣ ನಿಂತಾಗ ಊಟ ತರಲು ಹೋಗುವುದೇ ದುಸ್ತರವಾಯಿತು. ತಮ್ಮ ಸಂಸ್ಕೃತಿ ಕಾಲದೊಡನೆ ನಡೆಯಬಹುದು, ಪರರದು ಮಾತ್ರ ವಸ್ತುಸಂಗ್ರಹಾಲಯದ ಗೊಂಬೆಯಂತೆ ಕದಲದೆ ನಿಂತಿರಬೇಕೆಂಬ ಈ ನಿರೀಕ್ಷೆ ವಿಚಿತ್ರವಾದುದು. ತಾಳೆಗರಿಯನ್ನು ಬಿಟ್ಟು ಕಾಗದದಲ್ಲಿ ಅಚ್ಚಾದ ಮಾತ್ರಕ್ಕೆ ಶಾಸ್ತ್ರವು ಶಾಸ್ತ್ರವಲ್ಲದೆ ಹೋಗುವುದೇ?

ಕೊಂದ ಸೀಲಿನ ಬಾಯಿಗೆ ಸಿಹಿನೀರು ಹನಿಸುವ ರೂಢಿ ಇನ್ಯುಯಿಟರಲ್ಲಿತ್ತು. ಉಪ್ಪುನೀರಿನಲ್ಲಿ ಬಾಳಿದ ಜೀವಕ್ಕೆ ಬಾಯಾರಿಕೆ ಇರುತ್ತದೆಂದು ಅವರ ನಂಬಿಕೆ. ಇದನ್ನು ಕೇಳಿ, ಪ್ರತಿಯೊಬ್ಬ ಬೇಟೆಗಾರನೂ ಋಷಿಯೆಂದು ಕೊಂಡಾಡುವವರುಂಟು. ಅದೂ ನೋಡದೆ ನುಡಿಯುವ ಮಾತೇ.

ಹಾಗೆಂದು ಕೊಲೆ ಅಹಿಂಸೆಯಾಗದು. ಸೀಲಿಗೂ ಪ್ರಾಣ ಪ್ರಿಯ. ಸ್ಯಾದ್ವಾದವನ್ನು ಆಶ್ರಯಿಸಿ ಅದನ್ನು ಅಲ್ಲಗಳೆಯುವಂತಿಲ್ಲ. ಶ್ರಾವಕಾಚಾರವು ಬೇಟೆಯನ್ನು ಸಪ್ತವ್ಯಸನಗಳಲ್ಲಿ ಎಣಿಸಿದೆ. ಆದರೆ ವ್ಯಸನವೆಂದಾಗ ಕಣ್ಮುಂದೆ ಬರುವವನು ವಿನೋದಕ್ಕಾಗಿ ಕಾಡು ಹೊಕ್ಕ ಅರಸ. ಹಸಿದ ಮಕ್ಕಳಿಗಾಗಿ ಹಿಮದ ಬಿಲದ ಬಳಿ ಗಂಟೆಗಟ್ಟಲೆ ಕಾದು ನಿಂತವನನ್ನು ಅದೇ ಹೆಸರಿನಿಂದ ಕರೆದು ಅವನನ್ನು ತಿಳಿದೆವೆನ್ನುವುದು ನಯಾಭಾಸ. ಕೃತ್ಯವು ಹಿಂಸೆಯೆಂಬ ನಿರ್ಣಯಕ್ಕೆ ಶಾಸ್ತ್ರ ಸಾಕು. ಮಾಡಿದವನು ನಿರ್ದಯಿಯೆಂಬ ನಿರ್ಣಯಕ್ಕೆ ಅವನ ಬಾಳನ್ನು ಅರಿಯಬೇಕು. ಮಾಂಸಾಹಾರಿ ನೆರೆಯವರ ಬಗ್ಗೆ ಆಡುವ ಮಾತುಗಳಲ್ಲಿ ಈ ಎರಡು ನಿರ್ಣಯಗಳು ಬೇರೆಯಾಗಿ ಕಾಣುವುದು ಅಪರೂಪ.

2009ರಲ್ಲಿ ಯುರೋಪಿಯನ್ ಒಕ್ಕೂಟವು ನಿಷೇಧವನ್ನು ಎಲ್ಲ ಸೀಲ್ ಉತ್ಪನ್ನಗಳಿಗೂ ವಿಸ್ತರಿಸಿತು. ಇನ್ಯುಯಿಟರಿಗೆ ವಿನಾಯಿತಿ ಉಳಿಯಿತು. ಅದರೊಡನೆ ‘ಸಾಂಪ್ರದಾಯಿಕ’ವೆಂಬ ಆ ಷರತ್ತೂ ಉಳಿಯಿತು.