ಯೋಸೇಫ ಇಂಟರ್‌ವ್ಯೂಗೆ ಹೋದ ದಿನ

 

ಈಚೆಗೆ ಪ್ರಾರ್ಥನೆಗೆ ಬರೋ ಯೌವನಸ್ಥರಲ್ಲಿ ಹಲವರು ಒಂದೇ ಮಾತು ಹೇಳ್ತಾರೆ, "ಪಾಸ್ಟರ್, ಇಂಟರ್‌ವ್ಯೂ ಇದೆ." ಸಂತೋಷ. ಆದರೆ ಒಬ್ಬ ತಮ್ಮ ಕೇಳಿದ್ದು ಬೇರೆ. "ಪಾಸ್ಟರ್, ಮೂರು ವರ್ಷದ ಎಕ್ಸ್‌ಪೀರಿಯೆನ್ಸ್ ಲೆಟರ್ ದುಡ್ಡು ಕೊಟ್ಟು ಮಾಡಿಸಿದ್ದೀನಿ. ವೆರಿಫಿಕೇಶನ್‌ನಲ್ಲಿ ತೊಂದರೆ ಆಗಬಾರದು ಅಂತ ಪ್ರಾರ್ಥನೆ ಮಾಡಿ."

ನಗಬೇಡಿ. ಅವನು ಕೆಟ್ಟ ಹುಡುಗ ಅಲ್ಲ. ಡಿಗ್ರಿ ಮುಗಿದು ಎರಡು ವರ್ಷ ಆಗಿದೆ. ಹೋದಲ್ಲೆಲ್ಲಾ ಅನುಭವ ಇದೆಯಾ ಅಂತ ಕೇಳ್ತಾರೆ, ಅನುಭವ ಕೊಡೋರು ಯಾರೂ ಇಲ್ಲ. ಊರಲ್ಲಿ ಅಪ್ಪನ ಸಾಲ ಇದೆ. ಪಿಜಿಯಲ್ಲಿ ಪಕ್ಕದ ಮಂಚದವನು ಹೀಗೇ ಮಾಡಿ ಕೆಲಸಕ್ಕೆ ಸೇರಿದ್ದಾನೆ. ಸತ್ಯ ಹೇಳು ಅಂತ ನಾನು ಸುಲಭವಾಗಿ ಹೇಳಬಹುದು. ಬಾಡಿಗೆ ಕಟ್ಟಬೇಕಾದವನು ಅವನು. ಅವನಿಗೋಸ್ಕರ ಪ್ರಾರ್ಥಿಸಿದೆ, ಆ ಲೆಟರಿಗೋಸ್ಕರ ಪ್ರಾರ್ಥಿಸಲಿಲ್ಲ. ಯಾಕೆ ಅಂತ ಇವತ್ತು ಹೇಳ್ತೀನಿ.

ಅದಕ್ಕೂ ಮುಂಚೆ ಇನ್ನೊಂದು ಗುಂಪಿಗೆ ಒಂದು ಮಾತು. "ಪವಿತ್ರಾತ್ಮನೇ ಬಾಯಲ್ಲಿ ಮಾತು ಕೊಡ್ತಾನೆ" ಅಂತ ಏನೂ ಓದದೆ ಹೋಗುವವರಿಗೆ. ಮತ್ತಾಯ 10ನೇ ಅಧ್ಯಾಯ ಪೂರ್ತಿ ಓದಿ. ಆ ವಾಗ್ದಾನ ನಂಬಿಕೆಗಾಗಿ ಹಿಡಿದು ಅಧಿಪತಿಗಳ ಮುಂದೆ ಎಳೆದೊಯ್ಯಲ್ಪಟ್ಟವರಿಗೆ. ಜಾವಾ ಕೇಳುವ ಮ್ಯಾನೇಜರ್ ನಿಮ್ಮನ್ನು ಹಿಂಸಿಸ್ತಿಲ್ಲ! ಹಿಂದಿನ ರಾತ್ರಿ ಓದಿಕೊಂಡರೆ ಅದು ಅಪನಂಬಿಕೆ ಅಲ್ಲ.

ಈಗ ಆದಿಕಾಂಡ 41. ಯೋಸೇಫನ ರೆಸ್ಯೂಮೆ ನೋಡಿ. 17ನೇ ವಯಸ್ಸಲ್ಲಿ ಮನೆ ಬಿಟ್ಟವನು, 30ನೇ ವಯಸ್ಸಲ್ಲಿ ಫರೋಹನ ಮುಂದೆ ನಿಂತ. ನಡುವೆ 13 ವರ್ಷ ಇದೆ. ಆ ಜಾಗದಲ್ಲಿ ಏನು ಬರೀತೀರಿ? ದಾಸ, ಕೈದಿ. ಆದರೂ ಕರೆ ಬಂದಾಗ ಅವನು ಹಾಗೇ ಓಡಲಿಲ್ಲ. ಕ್ಷೌರ ಮಾಡಿಸಿಕೊಂಡ, ಬಟ್ಟೆ ಬದಲಾಯಿಸಿದ, ಆಮೇಲೆ ಹೋದ. ಐಗುಪ್ತದವರು ಸಾಮಾನ್ಯವಾಗಿ ಗಡ್ಡ ಬಿಡ್ತಿರಲಿಲ್ಲ. ಇಬ್ರಿಯನಾದ ಇವನು ಅವರ ರೀತಿಗೆ ತಕ್ಕಂತೆ ಸಿದ್ಧನಾದ. ಅದು ವೇಷ ಅಲ್ಲ. ಎದುರಿಗಿರುವವರಿಗೆ ಕೊಡೋ ಗೌರವ. ನೀವು ಶರ್ಟ್ ಇಸ್ತ್ರಿ ಮಾಡೋದೂ ಅಷ್ಟೇ, ಕನ್ನಡಿ ಮುಂದೆ ನಿಂತು ಇಂಗ್ಲಿಷ್ ಅಭ್ಯಾಸ ಮಾಡೋದೂ ಅಷ್ಟೇ.

ಒಳಗೆ ಹೋದ ಮೇಲೆ ನಡೆದದ್ದು ಇನ್ನೂ ಚೆನ್ನಾಗಿದೆ. ಕನಸಿನ ಅರ್ಥ ಹೇಳುವವನು ನೀನಂತೆ ಅಂತ ಫರೋಹನೇ ಹೊಗಳಿಕೆ ಕೈಗಿಟ್ಟ. "ಹೌದು ಸರ್" ಅಂದಿದ್ದರೆ ಸಾಕಿತ್ತು. ಯೋಸೇಫ, ಅದು ನನ್ನಿಂದಲ್ಲ, ದೇವರಿಂದ ಅಂದ. ವಾಪಸ್ಸು ಸೆರೆಮನೆಗೆ ಕಳಿಸಬಹುದಾದ ರಾಜನ ಮುಂದೆ! ಅಷ್ಟಕ್ಕೆ ಸುಮ್ಮನಾಗದೆ ತನಗೆ ಗೊತ್ತಿದ್ದ ಕೆಲಸವನ್ನೂ ಮುಂದಿಟ್ಟ. ಏಳು ವರ್ಷ ಬೆಳೆಯಲ್ಲಿ ಐದನೇ ಒಂದು ಪಾಲು ತೆಗೆದಿಡಿ, ಪಟ್ಟಣಗಳಲ್ಲಿ ಕೂಡಿಸಿ ಅಂದ. ಪೋಟೀಫರನ ಮನೆ ನೋಡಿಕೊಂಡವನು, ಸೆರೆಮನೆಯ ಆಡಳಿತ ನೋಡಿಕೊಂಡವನು. ರೆಸ್ಯೂಮೆಯಲ್ಲಿ ಗ್ಯಾಪ್ ಅಂತ ಕಾಣೋ ವರ್ಷಗಳಲ್ಲೇ ಆ ಅನುಭವ ಇತ್ತು.

ಹಾಗಾದರೆ ಗೆರೆ ಎಲ್ಲಿದೆ? ಇದ್ದದ್ದನ್ನು ಚೆನ್ನಾಗಿ ಹೇಳೋಕೆ ಕಲಿಯೋದು ಸಿದ್ಧತೆ. ಬೇರೆ ಒಬ್ಬನ ಜೀವನ ಬಾಯಿಪಾಠ ಮಾಡೋದು ಬೇರೆ. ಐದು ಜನ ಮಾಡಿದ ಪ್ರಾಜೆಕ್ಟನ್ನು "ನಾನೇ ಮಾಡಿದೆ" ಅನ್ನೋದು ಆ ಗೆರೆಯನ್ನು ಮೆಲ್ಲಗೆ ದಾಟುತ್ತೆ. ಅದನ್ನ ನಾವ್ಯಾರೂ ಪಾಪ ಅಂತ ಲೆಕ್ಕಕ್ಕೇ ಇಡಲ್ಲ.

"ರಾಹಾಬಳೂ ಸುಳ್ಳು ಹೇಳಿದಳಲ್ವಾ ಪಾಸ್ಟರ್?" ಹೇಳಿದಳು, ಇಬ್ಬರ ಪ್ರಾಣ ಉಳಿಸೋಕೆ, ತನ್ನ ಪ್ರಾಣ ಒತ್ತೆ ಇಟ್ಟು. ನಾವು ಪ್ಯಾಕೇಜ್‌ಗೋಸ್ಕರ ಹೇಳ್ತಿದ್ದೀವಿ. ಬೆಲೆ ತೆರುವವನು ಬೇರೆ. ನಿಜವಾಗಿ "ಫ್ರೆಶರ್" ಅಂತ ಬರೆದು ಹೊರಗೆ ಕುರ್ಚಿ ಮೇಲೆ ಕಾಯ್ತಿರೋ ಹುಡುಗಿ ಅವಳು. ಅವಳ ಅಪ್ಪನಿಗೂ ಸಾಲ ಇರಬಹುದು.

ಪಿಎಫ್ ದಾಖಲೆ ತೆಗೆದರೆ ಎಲ್ಲೆಲ್ಲಿ ಎಷ್ಟು ದಿನ ಇದ್ದಿರಿ ಅಂತ ಕಂಪನಿಗೆ ಗೊತ್ತಾಗಬಹುದು. ಆದರೆ ಸಿಕ್ಕಿಬೀಳ್ತೀರಿ ಅಂತ ನಾನು ಹೆದರಿಸ್ತಿಲ್ಲ. ನನ್ನ ಚಿಂತೆ ಸಿಕ್ಕಿಬೀಳದೇ ಹೋದರೆ ಅನ್ನೋದು. ಆಫರ್ ಲೆಟರ್ ಬರುತ್ತೆ. ಭಾನುವಾರ ಈ ಮೈಕ್ ಹಿಡಿದು "ಕರ್ತನು ಬಾಗಿಲು ತೆರೆದ" ಅಂತ ಸಾಕ್ಷಿ ಹೇಳ್ತೀರಿ. ನಾವೆಲ್ಲಾ ಹಲ್ಲೆಲೂಯಾ ಅಂತೀವಿ. ಆ ಸಾಕ್ಷಿಯಲ್ಲಿ ಆ ಲೆಟರನ್ನು ಎಲ್ಲಿ ಇಡ್ತೀರಿ?

ಗ್ಯಾಪ್ ಬಗ್ಗೆ ಕೇಳಿದರೆ ಎರಡು ವಾಕ್ಯ ಸಾಕು. ಏನಾಯ್ತು, ಆಗ ಏನು ಕಲಿತಿರಿ. ಕೆಲವರು ಬೇಡ ಅಂತಾರೆ, ಅದನ್ನ ನಾನು ಮುಚ್ಚಿಡಲ್ಲ. ಆರಾಧನೆ ಮುಗಿದ ಮೇಲೆ ರೆಸ್ಯೂಮೆ ಇರುವವರು ಉಳಿದುಕೊಳ್ಳಿ. ಎಚ್‌ಆರ್‌ನಲ್ಲಿ ಕೆಲಸ ಮಾಡೋ ಇಬ್ಬರು ಅಕ್ಕಂದಿರು ನಿಮ್ಮನ್ನು ಕೂರಿಸಿ ಪ್ರಶ್ನೆ ಕೇಳ್ತಾರೆ, ಸ್ವಲ್ಪ ಜೋರಾಗಿಯೇ. ಅದಾದ ಮೇಲೆ ಪ್ರಾರ್ಥನೆ ಮಾಡೋಣ.