ಮನೆಯೊಳಗಿನ ಅಹಿಂಸೆ

ಸೋಸಿದ ನೀರನ್ನೇ ಕುಡಿಯುವುದು, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವುದು, ಕಂದಮೂಲಗಳನ್ನು ವರ್ಜಿಸುವುದು ಶ್ರಾವಕರ ಮನೆಗಳಲ್ಲಿ ತಲೆತಲಾಂತರದಿಂದ ನಡೆದುಬಂದ ಆಚಾರಗಳು. ಕಣ್ಣಿಗೆ ಕಾಣದ ಜೀವಿಗೂ ನೋವಾಗಬಾರದೆಂಬ ಕರುಣೆಯೇ ಇವುಗಳ ಮೂಲ. ಅಂತಹ ಮನೆಯಲ್ಲಿಯೇ ಹೆಂಡತಿಯ ಮೇಲೆ ಕೈಯೆತ್ತಿದರೆ, ವೃದ್ಧ ತಂದೆಯನ್ನು ಗದರಿಸಿ ಮೂಲೆಗೆ ಸರಿಸಿದರೆ, ಆ ಆಚಾರಗಳಿಗೆ ಉಳಿಯುವ ಅರ್ಥವೇನು?

ಹೊಡೆದವನು ಸಾಮಾನ್ಯವಾಗಿ ಕೋಪವನ್ನು ದೂರುತ್ತಾನೆ. ಆದರೆ ಮೇಲಧಿಕಾರಿ ಅವಮಾನಿಸಿದಾಗ ಅದೇ ಮನುಷ್ಯ ಕೈಕಟ್ಟಿ ನಿಲ್ಲುತ್ತಾನೆ. ಕೋಪವು ಎದುರಿಸಲಾರದವರನ್ನೇ ಆರಿಸಿಕೊಳ್ಳುವುದಾದರೆ ಅದರ ಹಿಂದೆ ಅಧಿಕಾರವಿದೆ, 'ಇವರು ನನ್ನವರು, ನಾನು ಏನು ಮಾಡಿದರೂ ನಡೆಯುತ್ತದೆ' ಎಂಬ ಮಮಕಾರವಿದೆ. ಧರ್ಮವು ಇದನ್ನು ಪರಿಗ್ರಹವೆಂದು ಕರೆಯುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞರಾದ ಮರ್ರೇ ಸ್ಟ್ರಾಸ್ ಮತ್ತು ರಿಚರ್ಡ್ ಗೆಲ್ಸ್ 1975ರಲ್ಲಿ ಅಲ್ಲಿನ ಕುಟುಂಬಗಳ ಸಮೀಕ್ಷೆ ನಡೆಸಿದರು. ಕುಟುಂಬದ ಹಿಂಸೆ ಕೆಲವು ರೋಗಗ್ರಸ್ತ ಮನಸ್ಸುಗಳ ಕೃತ್ಯ ಮಾತ್ರವಲ್ಲ, ಅಸಮಾನತೆಯೂ ಸಮಾಜದ ಮೌನ ಸಮ್ಮತಿಯೂ ಅದನ್ನು ಪೋಷಿಸುತ್ತವೆ ಎಂಬುದು ಅವರ ನಿಲುವು. ಭಾರತದ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 18ರಿಂದ 49 ವರ್ಷದ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 29 ಮಂದಿ ಪತಿಯಿಂದ ಹಿಂಸೆಗೊಳಗಾದವರು. ಕರ್ನಾಟಕದಲ್ಲಿ ಈ ಸಂಖ್ಯೆ 44.

ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇವುಗಳನ್ನು ದನಕರುಗಳ ವಿಷಯದಲ್ಲಿ ವಿವರಿಸುವುದು ರೂಢಿ. ಒಮ್ಮೆ ಮನೆಯೊಳಗೆ ಅನ್ವಯಿಸಿ ನೋಡಬೇಕು. ಸೊಸೆಯನ್ನು ತವರಿಗೆ ಕಳುಹಿಸದಿರುವುದು ಬಂಧವಲ್ಲವೇ? ಮನೆಯ ದುಡಿಮೆಯನ್ನೆಲ್ಲ ಒಬ್ಬಳ ಹೆಗಲಿಗೇರಿಸುವುದು ಅತಿಭಾರವಲ್ಲವೇ? ವೃದ್ಧರ ಊಟ ಔಷಧಿಗಳನ್ನು ತಡೆಯುವುದು ಅನ್ನಪಾನನಿರೋಧವಲ್ಲವೇ? 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯೂ ಹೊಡೆತದೊಂದಿಗೆ ನಿಂದೆಯನ್ನು, ಹಣಕಾಸಿನ ಪೀಡನೆಯನ್ನು ದೌರ್ಜನ್ಯವೆಂದೇ ಎಣಿಸುತ್ತದೆ.

ಇಲ್ಲಿ ಹಿರಿಯರಿಗೆ ಒಂದು ಧರ್ಮಸಂಕಟ ಎದುರಾಗುತ್ತದೆ. ಉತ್ತಮ ಕ್ಷಮೆ ದಶಧರ್ಮಗಳಲ್ಲಿ ಮೊದಲನೆಯದು. ಆದುದರಿಂದ 'ಸಹಿಸಿಕೋ, ಮನೆತನದ ಮರ್ಯಾದೆ ಉಳಿಸು' ಎಂದು ನೊಂದವಳಿಗೇ ಬುದ್ಧಿ ಹೇಳುವುದುಂಟು. ಆದರೆ ಭಯದಿಂದ ಬಾಯಿಮುಚ್ಚಿದ್ದು ಕ್ಷಮೆಯಾಗದು. ಪ್ರತಿಕ್ರಮಣ ತಪ್ಪಿತಸ್ಥನ ಕರ್ತವ್ಯ. ಮರಳಿ ಮಾಡೆನೆಂಬ ಸಂಕಲ್ಪವಿಲ್ಲದೆ ಕ್ಷಮಾವಣಿಯಂದು ಜೋಡಿಸಿದ ಕೈ ಮರುದಿನ ಮತ್ತೆ ಮೇಲೇಳುತ್ತದೆ. ಗೃಹಸ್ಥನು ಮೊದಲು ತ್ಯಜಿಸಬೇಕಾದುದು ಸಂಕಲ್ಪೀ ಹಿಂಸೆಯನ್ನು. ನೊಂದವರಿಗೆ ಆಶ್ರಯ ನೀಡುವುದು, 181 ಸಹಾಯವಾಣಿಗೆ ತಿಳಿಸುವುದು, ಕಾನೂನಿನ ಮೊರೆಹೋಗುವುದು ಅಹಿಂಸೆಗೆ ವಿರುದ್ಧವಲ್ಲ. ಹಿಂಸೆಯನ್ನು ನಿಲ್ಲಿಸುವುದೂ ಅಹಿಂಸೆಯೇ.

ಭರತ ಬಾಹುಬಲಿಯರ ಕಲಹವೂ ಒಂದೇ ಮನೆಯದು. ಮಲ್ಲಯುದ್ಧದಲ್ಲಿ ಅಣ್ಣನನ್ನು ಮೇಲೆತ್ತಿದ ಬಾಹುಬಲಿ ನೆಲಕ್ಕೆ ಅಪ್ಪಳಿಸಲಿಲ್ಲ. ಗೆಲ್ಲುವ ಬಲವಿದ್ದೂ ತಡೆದ ಆ ಕೈಗಳ ಮುಂದೆ ಲೋಕ ಇಂದಿಗೂ ಮಣಿಯುತ್ತದೆ. ಆ ಮೂರ್ತಿಗೆ ಸಲ್ಲಿಸುವ ಅಭಿಷೇಕ ಸಾರ್ಥಕವಾಗುವುದು, ಬಲವುಳ್ಳ ಕೈ ಮನೆಯಲ್ಲಿ ತಡೆದು ನಿಂತಾಗ.